ಜೀಪಿನಿಂದ ಇಳಿಸಿದ ಅಕ್ಕ

ಚಾಮರಾಜನಗರದ ಅತಿಥಿಗೃಹದ ಮೆಟ್ಟಿಲ ಮೇಲೆ ಯಾರೋ ಚೆಂಡುಹೂವಿನ ಕುಂಡ ಇಟ್ಟಿದ್ದರು. ಕಾಯುತ್ತಾ ಕೂತವಳು ಸುಮ್ಮನೆ ಒಂದು ಎಲೆ ಉಜ್ಜಿದೆ. ಆ ಕಟು ವಾಸನೆ ಮೂಗಿಗೆ ಬಡಿಯಿತು, ನಮ್ಮ ಮೇಸ್ತ್ರಿ ಅಕ್ಕ ಕಣ್ಣ ಮುಂದೆ ಬಂದು ನಿಂತಳು...

ಹಂಗಳದ ಕಡೆಯ ಹೊಲಗಳಿಗೆ ಹೂ ಕೀಳುವ ಹೆಂಗಸರ ಗುಂಪು ಕಟ್ಟಿ ಕರೆದೊಯ್ಯುತ್ತಿದ್ದವಳು ಅವಳು. ಶಾಲೆಗೆ ರಜೆ ಬಂದರೆ ನಾನೂ ನಮ್ಮ ಎದುರುಮನೆ ಹುಡುಗಿಯೂ ಅವಳ ಹಿಂದೆ ಹೋಗುತ್ತಿದ್ದೆವು. ಇಬ್ಬರೂ ಇನ್ನೂ ಹೈಸ್ಕೂಲಿನ ಮೆಟ್ಟಿಲು ತುಳಿದಿರಲಿಲ್ಲ.

ಒಂದು ದಿನ ಕಾಡಂಚಿನ ರೆಸಾರ್ಟಿನ ಸಾಹುಕಾರನ ಜೀಪು ಹೊಲದ ಬದುವಿಗೆ ಬಂತು. ಬರುವ ಅತಿಥಿಗಳಿಗೆ ಹೂ ಕೊಡಲು ಚಿಕ್ಕ ಹುಡುಗಿಯರು ಬೇಕು, ಕೂಲಿ ಮೂರು ಪಟ್ಟು ಎಂದ ಡ್ರೈವರ್. ನಾವಿಬ್ಬರೂ ಹತ್ತಿ ಕೂತೆವು. ಅಕ್ಕ ಓಡಿ ಬಂದು ನನ್ನ ಜಡೆ ಹಿಡಿದು ಕೆಳಗೆಳೆದಳು. ಎದುರುಮನೆಯವಳತ್ತ ಕೈ ಚಾಚುವಷ್ಟರಲ್ಲಿ ಅವಳನ್ನು ಹೊತ್ತು ಜೀಪು ಹೊರಟುಹೋಯಿತು.

"ಹೊಟ್ಟೆಕಿಚ್ಚು ಕಣಕ್ಕ ನಿಂಗೆ!" ಎಂದು ಕಿರುಚಿದೆ. "ನಮ್ಗೆ ನಾಕು ಕಾಸು ಬತ್ತದಲ್ಲ ಅಂತ ಉರ್ಕತೀಯೆ!"

"ಉರ್ಕತೀನಿ ಬುಡು. ಮೂರು ಪಟ್ಟು ಕೊಡೋನು ಏನ ತಗತಾನೆ ಅಂತ ಕೇಳ್ದೇನಮ್ಮಿ?"

"ಇವ್ಳಿಗೆ ಕಮಿಷನ್ ಸಿಕ್ನಿಲ್ಲ, ಅದ್ಕೆಯ ಈ ಕುಣಿತ" ಎಂದಳು ಗುಂಪಿನಲ್ಲೊಬ್ಬಳು. ಎಲ್ಲರೂ ನಕ್ಕರು. ಅಳುತ್ತಿದ್ದ ನಾನೂ ನಕ್ಕೆ.

ಅಂದೇ ಅಕ್ಕ ಊರಿನ ದೊಡ್ಡವರ ಮನೆಮನೆಗೆ ಹೋಗಿ, ಜೊತೆಗೆ ಬನ್ನಿ, ದೂರು ಕೊಡೋಣ ಎಂದು ಕೇಳಿಕೊಂಡಳು. ಯಾರೂ ಚಪ್ಪಲಿ ಮೆಟ್ಟಲಿಲ್ಲ. ನಾವು ಹೂ ಕೀಳುತ್ತಿದ್ದ ಹೊಲಗಳೂ ಸಾಹುಕಾರನವೇ, ಅಲ್ಲಿ ಅವಳ ಗುಂಪಿಗೆ ಕೆಲಸ ನಿಂತಿತು. ಬೇರೆ ಮೇಸ್ತ್ರಿಯ ಹಿಂದೆ ಹೊರಟವರಲ್ಲಿ ನಾನೂ ಇದ್ದೆ. ಎದುರುಮನೆಯವಳು ವಾಪಸು ಬಂದಳು, ಆದರೆ ಯಾರೊಡನೆಯೂ ಮಾತಿಲ್ಲ. ದುಡ್ಡು ಕಂಡು ಜಂಬ ಬಂತು ಅಂದುಕೊಂಡೆ...

ಮುಂದೆ ನಾನು ಹೂವಿನ ಮಂಡಿ ಇಟ್ಟು, ನಾಲ್ಕು ಜನ ಗುರುತಿಸುವಂತಾದೆ. ಅಕ್ಕ ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಹತ್ತಿರ ಸೊಪ್ಪು ಮಾರುತ್ತಿದ್ದಳು. ಅವಳ ಹತ್ತಿರವೂ ಚೌಕಾಸಿ ಮಾಡುತ್ತಿದ್ದೆ, ಕೈಗೆ ಹತ್ತಿದ ಕಸುಬು. ಅವಳು ನಗುತ್ತಾ ಒಂದು ಕಟ್ಟು ಹೆಚ್ಚೇ ಹಾಕುತ್ತಿದ್ದಳು. ಆ ಜೀಪಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ತೀರಿಕೊಂಡ ದಿನ ಮಂಡಿಯಲ್ಲಿ ಒಳ್ಳೆ ವ್ಯಾಪಾರವಿತ್ತು... ನಾನು ಹೋಗಲಿಲ್ಲ.

ಹೆಣ್ಣುಮಕ್ಕಳಿರುವವರಿಗೆ ವ್ಯಾಪಾರದವಳಾಗಿ ಒಂದು ಮಾತು ಹೇಳುತ್ತೇನೆ. ಮಾರ್ಕೆಟ್ಟಿಗಿಂತ ಮೇಲಿನ ರೇಟು ಕೂಗುವವನನ್ನು ಕಂಡರೆ ಒಂದು ಗಳಿಗೆ ನಿಂತು ಯೋಚಿಸಿ. ಈ ಬುದ್ಧಿ ನನ್ನದಲ್ಲ.

ಮೊನ್ನೆ ದಿಲ್ಲಿಯ ತನಿಖೆಯವರು ಬಂದು ಸಾಹುಕಾರನನ್ನು ಹಿಡಿದರು. ಮೊದಲು ಬಾಯಿ ಬಿಟ್ಟವಳು ಎದುರುಮನೆಯವಳೇ. ಅವಳು ಜೀಪಿನಲ್ಲಿ ಹೋದದ್ದನ್ನು ಕಂಡವರು ಯಾರಾದರೂ ಹೇಳದಿದ್ದರೆ ಅವಳ ಮಾತು ಒಂಟಿಯಾಗುತ್ತಿತ್ತು. ಅದಕ್ಕೇ ನಾನು ತನಿಖೆಯವರು ಇಳಿದಿದ್ದ ಆ ಅತಿಥಿಗೃಹಕ್ಕೆ ಹೋದದ್ದು. ಒಳಗೆ ಕರೆದರು, ಎಲ್ಲವನ್ನೂ ಹೇಳಿದೆ.

"ಆವಾಗ ಯಾರೂ ತಡೀಲಿಲ್ವಾ?" ಎಂದು ಕೇಳಿದರು ತಂಡದಲ್ಲಿದ್ದ ಕನ್ನಡದ ಹೆಣ್ಣು ಅಧಿಕಾರಿ.

"ತಡೆದ್ರು ಮೇಡಂ. ನಮ್ ಮೇಸ್ತ್ರಿ ಅಕ್ಕ. ಈಗಿಲ್ಲ ಅವ್ರು."

"ಅವರ ಹೆಸರು ಹೇಳಿ, ಬರ್ಕೋತೀನಿ."

ಬಾಯಿ ತೆರೆದೆ... ಅಕ್ಕ ಎಂಬುದರಾಚೆ ನನಗೇನೂ ಗೊತ್ತಿರಲಿಲ್ಲ. ಅವರು ಆ ಜಾಗ ಖಾಲಿ ಬಿಟ್ಟು ಮುಂದೆ ಬರೆದರು.