ಊದಿದ ಕಾಲಿನ ಮೊಕದ್ದಮೆ

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಫಲಕಗಳೆಲ್ಲ ಉಗಾರದ ನಮ್ಮ ಮನೆಯ ಪಡಸಾಲೆಯಲ್ಲಿ ಸಾಲಾಗಿ ನಿಂತಿವೆ. ಅವುಗಳ ಎದುರಿಗೇ ಅವ್ವ ನನ್ನನ್ನು ದಿನಾ ಸೋಲಿಸುತ್ತಾಳೆ.

ಅಪ್ಪನ ಹೃದಯ ದುರ್ಬಲವಾಗಿದೆ ಎಂದು ಮಿರಜದ ಡಾಕ್ಟರು ಹೇಳಿದಾಗ ನಮಗೆ ಅರ್ಥವಾದದ್ದು ಇಷ್ಟು: ಅದು ನಿಂತಿಲ್ಲ, ಆದರೆ ಕೆಲಸ ಮಾತ್ರ ಅರೆಮನಸ್ಸಿನಿಂದ ಮಾಡುತ್ತಿದೆ. ರಕ್ತವನ್ನು ಸರಿಯಾಗಿ ತಳ್ಳದ್ದರಿಂದ ಮೈಯಲ್ಲಿ ನೀರು ನಿಲ್ಲುತ್ತದೆ. ಹಾಗಾಗಿ ಉಪ್ಪು ಕಡಿಮೆ, ಕುಡಿಯುವ ನೀರು ಅಳತೆಯಲ್ಲಿ, ಬೆಳಿಗ್ಗೆ ನೀರಿಳಿಸುವ ಗುಳಿಗೆ. ಆ ಗುಳಿಗೆ ನುಂಗಿದರೆ ಅಪ್ಪ ಮಧ್ಯಾಹ್ನದವರೆಗೆ ಬಚ್ಚಲಿನಿಂದ ದೂರ ಸರಿಯುವುದಿಲ್ಲ. ಅಥಣಿಯಿಂದ ಮದುವೆ ಪತ್ರಿಕೆ ಬಂದರೆ ಮುಹೂರ್ತ ನೋಡುವ ಮೊದಲೇ, "ಬಸ್ಸು ಎಲ್ಲೆಲ್ಲಿ ನಿಂದರ್ತೈತಿ?" ಎಂದು ಕೇಳುತ್ತಾನೆ. ಚಪ್ಪಟೆ ಮಲಗಿದರೆ ಉಸಿರು ಕಟ್ಟುತ್ತದೆಂದು ದಿಂಬುಗಳ ರಾಶಿಗೆ ಒರಗಿ ಕೂತು, "ನಾ ಮಲಗಿಲ್ಲ, ದರಬಾರ ನಡಿಸೇನಿ" ಎನ್ನುತ್ತಾನೆ.

ಇಷ್ಟರ ನಡುವೆ ಅವನಿಗೆ ಉಳಿದಿದ್ದ ದೊಡ್ಡ ಸುಖವೆಂದರೆ ಸಂಜೆ ಚಾಚಾನ ಹೊಲಿಗೆ ಅಂಗಡಿ. ಚಾಚಾ ಅಪ್ಪನ ಶಾಲೆಯ ಗೆಳೆಯ. ಅವನು ಬಟ್ಟೆ ಹೊಲಿಯುತ್ತಾನೆ, ಅಪ್ಪ ಸ್ಟೂಲಿನ ಮೇಲೆ ಕೂತು ಜಗತ್ತನ್ನು ಹರಿಯುತ್ತಾನೆ. "ಅಲ್ಲಿ ಕುಂತಾಗ ನನಗ ಬ್ಯಾನಿ ಐತಿ ಅನ್ನೂದ ನೆನಪ ಇರೂದಿಲ್ಲ" ಎನ್ನುತ್ತಿದ್ದ.

ಕಳೆದ ಚಳಿಗಾಲದಲ್ಲಿ ಅವನ ಕಾಲು ಊದಿದವು. ಫೋನಿನಲ್ಲಿ ಡಾಕ್ಟರು ಗುಳಿಗೆ ಹೆಚ್ಚಿಸಿ, ಉಪ್ಪು ಎಲ್ಲಿಂದ ಒಳಗೆ ಹೋಗುತ್ತಿದೆ ಹುಡುಕಿ ಎಂದರು. ಅವ್ವ ಅಂದೇ ಪಡಸಾಲೆಯಲ್ಲಿ ಕೋರ್ಟು ಕೂಡಿಸಿದಳು.

"ಮನ್ಯಾಗ ನಾ ಉಪ್ಪ ಮುಟ್ಟಸೂದಿಲ್ಲ. ಅಂದ್ರ ಹೊರಗ ತಿನ್ನಾಕತ್ತಾರ. ಆ ಅಂಗಡಿ ಮಗ್ಗಲಕ ಭಜಿ ಕರೀತಾರ."

"ಅವರು ಕರದ್ರ ನಂದೇನ ಗುನ್ನೆ?" ಎಂದ ಅಪ್ಪ.

"ಅಂಗಿ ಮ್ಯಾಲ ಎಣ್ಣಿ ಕಲಿ ಹೆಂಗ ಬಂತ್ರಿ?"

"ಅದು ಹೊಲಗಿ ಮಷೀನಿನ ಎಣ್ಣಿ."

ನಾನು ಆರೋಪಿಯ ಪರ ಎದ್ದು ನಿಂತೆ. ಅಂಗಿಯನ್ನು ಮೂಸಿ ನೋಡಿ, ಮಷೀನಿನ ಎಣ್ಣೆಯೇ ಹೌದು ಎಂದು ಸಾರಿದೆ.

"ಯಾವ ಕೋರ್ಟಿನ್ಯಾಗ ವಕೀಲರು ಅಂಗಿ ಮೂಸ್ತಾರ ಬೇ? ಕುಂದರ ಸುಮ್ಕ," ಎಂದು ಅವ್ವ ತೀರ್ಪು ಕೊಟ್ಟಳು. ಕಾಲು ಇಳಿಯುವವರೆಗೆ ಅಂಗಡಿ ಬಂದ್.

ಆಶ್ಚರ್ಯವೆಂದರೆ ಅಪ್ಪ ಮೇಲ್ಮನವಿಗೆ ಹೋಗಲಿಲ್ಲ. ಮನೆಯಲ್ಲೇ ಕೂತ. ಆದರೆ ಊರಿಗೆಲ್ಲ ಹಂಚಿಹೋಗುತ್ತಿದ್ದ ಅವನ ಅಭಿಪ್ರಾಯಗಳು ಈಗ ಅವ್ವನೊಬ್ಬಳ ಮೇಲೆ ಸುರಿಯತೊಡಗಿದವು. ಒಗ್ಗರಣೆಗೆ ಸಾಸಿವೆ ಹೆಚ್ಚಾಯಿತು. ಕಸಬರಿಗೆ ಹಿಡಿಯುವ ರೀತಿ ಅದಲ್ಲ. ಅತ್ತ ಚಾಚಾ ಅವ್ವನಿಗೆ ಫೋನು ಮಾಡಿ, "ವೈನಿ, ಕೈದಿನ ಯಾವಾಗ ಬಿಡ್ತೀರಿ? ಇಲ್ಲಿ ಜಗಳಾ ಮಾಡಾಕ ಒಬ್ಬರೂ ಇಲ್ರಿ" ಎಂದ.

ಕಾಲು ಮಾತ್ರ ಇಳಿಯಲಿಲ್ಲ. ಆರೋಪಿ ಜೈಲಿನಲ್ಲಿದ್ದಾಗಲೂ ಕಳವು ನಡೆದೇ ಇದ್ದರೆ, ಕಳ್ಳ ಜೈಲಿನೊಳಗೇ ಇರಬೇಕಲ್ಲ? ನಾನು ಅಡುಗೆಮನೆಗೆ ನುಗ್ಗಿದೆ. ಉಪ್ಪಿನಕಾಯಿಯ ಭರಣಿ, ಹಪ್ಪಳದ ಡಬ್ಬಿ ಎರಡೂ ಕಪಾಟಿನಲ್ಲಿ ಬೀಗದೊಳಗಿದ್ದವು. ಸಾಬೂದಾಣಿ ಡಬ್ಬಿಯ ಪಕ್ಕ, ಒಲೆಗೆ ಕೈಯಳತೆಯಲ್ಲಿ, ಗುಲಾಬಿ ಬಣ್ಣದ ಪುಡಿಯ ಬಾಟಲಿ ಇತ್ತು.

"ಇದೇನವ್ವಾ?"

"ಸೈಂಧವ."

"ಅಪ್ಪನ ಸಾರಿಗಿ ಇದನ್ನ ಹಾಕ್ತಿಯೇನ?"

"ಹೂಂ. ಅದೇನ ಉಪ್ಪಲ್ಲಲ್ಲ. ಏಕಾದಶಿಗಿ ನಡೀತೈತಿ."

ಅವ್ವ ಪಂಢರಪುರಕ್ಕೆ ನಡೆದುಕೊಳ್ಳುವವಳು. ಏಕಾದಶಿಯ ದಿನ ಅಡುಗೆ ಉಪ್ಪು ನಿಷಿದ್ಧ. ಸೈಂಧವ ಹಾಕಿದ ಸಾಬೂದಾಣಿ ಖಿಚಡಿ ತಿಂದರೆ ಉಪವಾಸ ಕೆಡುವುದಿಲ್ಲ. ಸಾಕ್ಷಾತ್ ವಿಠ್ಠಲನೇ ಲೆಕ್ಕಕ್ಕೆ ಹಿಡಿಯದ್ದನ್ನು ಅಪ್ಪನ ಹೃದಯ ಹಿಡಿಯುವುದೆ? ಮೂಲ ತಪ್ಪು, ಆದರೆ ವಾದದ ಕಟ್ಟಡದಲ್ಲಿ ಒಂದು ಬಿರುಕಿಲ್ಲ. ನನಗೆ ಹೊಟ್ಟೆಕಿಚ್ಚಾಯಿತು.

"ವಿಠ್ಠಲ ರಿಯಾಯತಿ ಕೊಟ್ಟಿದ್ದು ನಿನ್ನ ಉಪವಾಸಕ್ಕ, ಅಪ್ಪನ ಎದಿಗಲ್ಲ. ಇದೂ ಉಪ್ಪವ್ವಾ, ಇದೂ ನೀರ ಹಿಡೀತೈತಿ."

ಅವ್ವ ಬಾಟಲಿಯನ್ನೇ ನೋಡಿದಳು. "ಸಪ್ಪನ ಊಟಕ್ಕ ನಿಮ್ಮಪ್ಪ ತಾಟ ಸರಸಿ ಏಳ್ತಿದ್ರು. ಇದನ್ನ ಹಾಕಿದ ಮ್ಯಾಲ ಇನ್ನೊಂದ ರೊಟ್ಟಿ ಕೇಳಿದ್ರು. ಕೇಳಿದ್ರ ನಾ ಹಾಕಬಾರದೇನ?"

ಅಷ್ಟರಲ್ಲಿ ಅಪ್ಪ ಬಾಗಿಲಿಗೆ ಬಂದು ನಿಂತಿದ್ದ. ಅವ್ವ ಅವನ ಕಡೆ ತಿರುಗಿದಳು. "ನಿಮಗೂ ಗೊತ್ತಾಗಲಿಲ್ಲೇನ್ರಿ?"

ಅಪ್ಪ ತಲೆ ಎತ್ತಿ ಜಂತಿ ನೋಡಿದ. "ನಾಲಿಗಿಗೆ ಗೊತ್ತಿತ್ತು. ಅದು ನನಗ ಹೇಳಲಿಲ್ಲ."

ಮೇಲ್ಮನವಿ ಯಾಕೆ ಬರಲಿಲ್ಲವೆಂದು ಆಗ ತಿಳಿಯಿತು. ಬಾಯಿ ಬಿಟ್ಟರೆ ರುಚಿ ಹೋಗುತ್ತಿತ್ತು, ಸುಮ್ಮನಿದ್ದದ್ದಕ್ಕೆ ಅಂಗಡಿ ಹೋಯಿತು.

"ಈಗ ಹೇಳ್ರಿ," ಎಂದಳು ಅವ್ವ. "ಸೈಂಧವ ಬೇಕೋ, ಅಂಗಡಿ ಬೇಕೋ? ಎರಡೂ ಸಿಗಂಗಿಲ್ಲ."

ಅಪ್ಪ ನಿಜವಾಗಿಯೂ ಯೋಚಿಸಿದ. ಎಷ್ಟು ಹೊತ್ತು ಯೋಚಿಸಿದನೆಂದರೆ ನನಗೆ ಭಯವಾಯಿತು.

"ಸಾರಿಗಿ ಲಿಂಬಿಹಣ್ಣ ಹಿಂಡತೀಯೇನ?"

"ಹಿಂಡತೇನಿ."

"ಬಳ್ಳೊಳ್ಳಿ?"

"ಜಾಸ್ತಿ ಹಾಕತೇನಿ."

"ಹಂಗಾರ ಅಂಗಡಿ."

ಸೈಂಧವ ದೇವರ ಕಪಾಟಿಗೆ ಹೋಯಿತು. ಅಪ್ಪ ಸಪ್ಪೆ ಸಾರನ್ನು ಕಣ್ಣು ಮುಚ್ಚಿ, ಕಷಾಯದಂತೆ ಕುಡಿದ. ಗುಳಿಗೆ ತನ್ನ ಕೆಲಸ ಮಾಡಿತು, ಕಾಲು ಮೆಲ್ಲಗೆ ಇಳಿದವು. ಒಂದು ಸಂಜೆ ತಲೆ ಬಾಚಿಕೊಂಡು, ಅಲ್ಲಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತ ಅವನು ಓಣಿಯ ತಿರುವು ದಾಟಿದ. ಅವ್ವ ಅವನು ಮರೆಯಾಗುವವರೆಗೂ ನೋಡಿದಳು. ಆಮೇಲೆ ಹೊಸ್ತಿಲ ಮೇಲೆ ಕಾಲು ಚಾಚಿ ಕೂತು, ದೊಡ್ಡದೊಂದು ಉಸಿರು ಬಿಟ್ಟಳು.

"ಮನಿ ಎಷ್ಟ ಶಾಂತ ಆತ ನೋಡಬೇ. ನನ್ನ ಎದಿನೂ ಹಗರಾತು."