ಮರಳು ಓದುವ ಮ್ಮಾ ಥಾಪೆಲೊ

ಬೇಸಿಗೆಯ ಶುರುವಿಗೆ ಫ್ರಾನ್ಸಿಸ್‌ಟೌನಿನ ಒಂದು ಓಣಿಗೆ ಬಾಡಿಗೆಗೆ ಬಂದ ಟೀಚರ್ ತುಮಿಸಾಂಗ್‌ಗೆ ಪಕ್ಕದ ಮನೆಯಾಕೆ ಮ್ಮಾ ಥಾಪೆಲೊ ಎಂದರೆ ಮೊದಮೊದಲು ಮೈಯೆಲ್ಲ ಉರಿಯುತ್ತಿತ್ತು. ಆಕೆ ಸೂರ್ಯ ಹುಟ್ಟುವ ಮೊದಲೇ ಎದ್ದು ತನ್ನ ಅಂಗಳ ಗುಡಿಸಿ, ಅದೂ ಸಾಲದೆ ಇಡೀ ಓಣಿಯ ಮರಳನ್ನು ತಲೆ ಬಾಚಿದಷ್ಟು ನುಣ್ಣಗೆ ಗುಡಿಸುತ್ತಿದ್ದಳು. ಆಮೇಲೆ ಮೊರುಲಾ ಮರದ ನೆರಳಲ್ಲಿ ಚಹಾ ಹಿಡಿದು ಕೂತು, ಆ ಮರಳಿನ ಮೇಲೆ ಮೂಡುವ ಹೆಜ್ಜೆಗಳನ್ನು ಪೇಪರ್ ಓದಿದಂತೆ ಓದುತ್ತಿದ್ದಳು. ಯಾರ ಮೇಕೆ ಕುಂಟುತ್ತಿದೆ, ಯಾರ ಗಂಡ ಚರ್ಚಿಗೆಂದು ಹೊರಟು ಬಾರಿನ ಕಡೆ ತಿರುಗಿದ, ಎಲ್ಲಕ್ಕೂ ಮರಳೇ ಸಾಕ್ಷಿ. "ಏನ್ ಟೀಚರಮ್ಮ, ನಿನ್ನೆ ನಿನ್ನ ಮನೆಗೆ ಚೂಪು ಬೂಟಿನೋನು ಬಂದಿದ್ದ? ಮದುವೆ ಮಾತಾ?" "ನೀರಿನ ಮೀಟರ್ ನೋಡೋನು, ಮ್ಮಾ!" "ಮೀಟರ್ ನೋಡಿದೋನು ಹೋಗ್ತಾ ಮೂರು ಸಲ ಹಿಂದೆ ತಿರುಗ್ತಾನಾ? ಅವನ ಹಿಮ್ಮಡಿನೇ ಹೇಳ್ತು ಬಿಡಮ್ಮ." ಈ ಹೆಂಗಸಿಗೆ ಬೇರೆ ಕೆಲಸವೇ ಇಲ್ಲವೆ ಎಂದು ತುಮಿಸಾಂಗ್ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಅಲ್ಲಿ ಡಿಸೆಂಬರ್ ಎಂದರೆ ಕಡುಬೇಸಿಗೆ; ಅಂಥ ಒಂದು ಬೆಳಿಗ್ಗೆ ಮ್ಮಾ ಥಾಪೆಲೊ ಆ ಬಾಗಿಲನ್ನು ದಬದಬ ಬಡಿದಳು. "ಬೇಗ ಬಾರೇ! ಗಂಟೆ ಎಂಟಾಯ್ತು, ಮೂಲೆಮನೆ ಅಜ್ಜ ರ್ರಾ ಮೊಥಿಬಿ ಬಾಗಿಲಿಂದ ಓಣಿ ನಲ್ಲಿವರೆಗೆ ಒಂದು ಹೆಜ್ಜೆನೂ ಬಿದ್ದಿಲ್ಲ!" ಓಡಿಹೋಗಿ ನೋಡಿದರೆ, ಒಳಗೆ ಆ ಒಂಟಿ ಮುದುಕ ಸೆಖೆಗೆ ಬಳಲಿ ನೆಲಕ್ಕೆ ಬಿದ್ದಿದ್ದ. ಇಬ್ಬರೂ ಸೇರಿ ನೀರು ಕುಡಿಸಿ, ಎಬ್ಬಿಸಿ, ಆಸ್ಪತ್ರೆಗೆ ಕರೆದೊಯ್ದರು. ಈಗ ರಜೆಯ ದಿನ ಎಷ್ಟೇ ನಿದ್ದೆ ಎಳೆಯುತ್ತಿದ್ದರೂ ತುಮಿಸಾಂಗ್ ಬೆಳಿಗ್ಗೆ ಒಮ್ಮೆ ಎದ್ದು, ಬರಿಗಾಲಲ್ಲಿ ಗೇಟಿನ ಹೊರಗೆ ಹೋಗಿ, ಗುಡಿಸಿದ ಮರಳಿನ ಮೇಲೆ ನಾಲ್ಕು ಹೆಜ್ಜೆ ಒತ್ತಿ ಬಂದು, ಮತ್ತೆ ಮಲಗುತ್ತಾಳೆ.