ಮಾವನ ಹಾಡು

ನಮ್ಮ ಮನೆಯಲ್ಲಿ ಯಾರೇ ರೀಲು ಬಿಟ್ಟರೂ ಅದಕ್ಕೆ ‘ಮಾವನ ಹಾಡು’ ಎನ್ನುತ್ತೇವೆ. ಗಂಡ ಫೋನ್ ಮಾಡಿ ‘ಇವತ್ತ ಐದಕ್ಕ ಆಫೀಸ್ ಬಿಡ್ತೀನಿ’ ಅಂದನೇ? ಮಾವನ ಹಾಡು. ಮಗಳು ಟಿವಿ ಮುಂದೆ ಕೂತು ಜರ್ಮನ್‌ನಲ್ಲಿ ‘ಹೋಮ್‌ವರ್ಕ್ ಫೆರ್ಟಿಶ್’, ಮುಗೀತು, ಅಂದಳೇ? ಅದೂ ಮಾವನ ಹಾಡೇ.

ಈ ಮಾತು ಹುಟ್ಟಿದ್ದು ನನ್ನ ಅತ್ತೆ-ಮಾವನ ಮದುವೆಯ ಹೊಸತರಲ್ಲಿ. ಇಬ್ಬರೂ ಒಂದೇ ಹಾಲಿವುಡ್ ಮ್ಯೂಸಿಕಲ್ ನೋಡಿ ಮೆಚ್ಚಿದ್ದವರು. ಅತ್ತೆ ಹುಬ್ಬಳ್ಳಿಯಲ್ಲಿ, ಮಾವ ಮುಂಬೈಯಲ್ಲಿ. (ಸಂಬಂಧ ಕುದುರಿದ್ದೇ ಅದರಿಂದ ಅಂತ ನನ್ನ ಗುಮಾನಿ.) ಒಂದು ದಿನ ಮಾವ, ನಾಯಕಿ ಬಟ್ಟೆ ಒಣಹಾಕುತ್ತ ಹಾಡುವ ಹಾಡನ್ನು ಗುನುಗಿದರು. ಅತ್ತೆ ಅಲ್ಲೇ ತಡೆದರು.

‘ಅಂಥಾ ಹಾಡ ಆ ಪಿಕ್ಚರ್‌ನ್ಯಾಗ ಇಲ್ಲೇ ಇಲ್ಲ. ನಾ ಎರಡ ಸಲ ನೋಡೇನಿ.’

‘ನಿಮ್ಮ ಟಾಕೀಜಿನವಾ ಕತ್ತರಿ ಹಾಕ್ಯಾನ.’

‘ನೀವ ಬರೇ ಪೋಸ್ಟರ್ ನೋಡಿ ಬಂದಿರಬೇಕು.’

ಮಾವನ ಮಾತಿನಲ್ಲಿ ಹುರುಳಿತ್ತು. ಆಗ ಕೆಲವು ಟಾಕೀಸುಗಳಲ್ಲಿ ಇಂಗ್ಲಿಷ್ ಪಿಕ್ಚರ್ ಉದ್ದವಾದರೆ ಮುಂದಿನ ಶೋಗೆ ತಡವಾಗುತ್ತದೆಂದು ಹಾಡನ್ನೇ ಹಾರಿಸುತ್ತಿದ್ದರಂತೆ. ಕನ್ನಡ ಹಾಡು ಮುಟ್ಟಿದರೆ ಜನ ಕುರ್ಚಿ ಮುರಿದಾರು. ಇಂಗ್ಲಿಷ್ ಹಾಡಿಗೆ ಕೇಳುವವರು ಯಾರು? ಎಷ್ಟೋ ವರ್ಷಗಳ ಮೇಲೆ, ಸೊಸೆಯಾಗಿ ಬಂದ ನಾನೇ ಆ ಹಾಡನ್ನು ಯೂಟ್ಯೂಬಿನಲ್ಲಿ ಹುಡುಕಿ ತೋರಿಸಿದೆ. ‘ಇದನ್ನ ಯಾರೋ ಆಮ್ಯಾಲೆ ಸೇರಿಸ್ಯಾರ. ಟಾಕೀಜಿನ ಪಡದೆ ಮ್ಯಾಲೆ ತೋರಸ್ರಿ, ಒಪ್ತೀನಿ’ ಅಂದರು ಅತ್ತೆ. ಮಾವ ಪೇಪರು ಬಿಡಿಸಿಕೊಂಡು ಕೂತರು. ಜೀವಮಾನವಿಡೀ ತಮಾಷೆಗೆ ಸುಳ್ಳುಗಾರ ಅನ್ನಿಸಿಕೊಂಡರೂ ಒಳಗೆ ಚುಚ್ಚುತ್ತದಲ್ಲವೇ?

ಈಗ ಇಬ್ಬರೂ ಜರ್ಮನಿಯ ವೋಲ್ಫ್ಸ್‌ಬುರ್ಗಿನ ನಮ್ಮ ಮನೆಗೆ ಬಂದಿದ್ದಾರೆ. ಮೊನ್ನೆ ಭಾನುವಾರ ಇಲ್ಲಿನ ಪುಟ್ಟ ಥಿಯೇಟರಿನಲ್ಲಿ ಅದೇ ಸಿನಿಮಾ. ಅದೂ ಇಂಗ್ಲಿಷಿನಲ್ಲೇ, ಪೂರ್ತಿಯಾಗಿ. (ಇಲ್ಲಿ ಹಾಲಿವುಡ್‌ನವರೂ ಸಾಮಾನ್ಯವಾಗಿ ಡಬ್ ಆಗಿ ಜರ್ಮನ್ನೇ ಮಾತಾಡುತ್ತಾರೆ.) ಮಾವ ಬೆಳಗ್ಗೆಯೇ ಇಸ್ತ್ರಿ ಶರ್ಟು ಹಾಕಿ ಕೂತರು. ಗೆಲ್ಲುವ ಖುಷಿಗೆ ಹೋಳಿಗೆ ಮಾಡಿಸಿಕೊಂಡು, ಮೇಲೆ ತುಪ್ಪ ಸುರಿದುಕೊಂಡು ಉಂಡರು. ಗಂಡನೂ ಸೇರಿ ನಾವು ನಾಲ್ವರು ಥಿಯೇಟರಿಗೆ ಹೊರಟೆವು.

ಅಲ್ಲೇ ಎಡವಟ್ಟಾಯಿತು. ಮೆತ್ತನೆ ಸೀಟು, ಕತ್ತಲು, ಹೊಟ್ಟೆಯಲ್ಲಿ ಹೋಳಿಗೆ. ಸಿನಿಮಾ ಅರ್ಧವಾಗುವ ಹೊತ್ತಿಗೆ ಮಾವ ಗಾಢ ನಿದ್ದೆಯಲ್ಲಿದ್ದರು.

ಆಗ ಬಂತು. ಹಿತ್ತಲು, ಹಗ್ಗ, ಒದ್ದೆ ಬಟ್ಟೆ, ಹಾಡು. ಮಾವ ಹೇಳಿದ್ದಂತೆಯೇ.

ಅತ್ತೆ ಪರದೆ ನೋಡಿದರು. ನಿದ್ದೆಯಲ್ಲಿದ್ದ ಮಾವನನ್ನು ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಅವರು ಸುಮ್ಮನಿದ್ದರೆ ಆಯಿತು. ಮನೆಗೆ ಹೋಗಿ ‘ಅಂಥಾ ಹಾಡ ಬರಲಿಲ್ಲ’ ಅಂದರೆ ಮುಗಿಯಿತು. ಅತ್ತೆಯ ಮಾತಿಗೆ ಎದುರಾಡಲು ನನಗಾದರೂ ಧೈರ್ಯವೆಲ್ಲಿ?

‘ಏಳ್ರೀ. ನಿಮ್ಮ ಹಾಡ ಬಂದದ.’

ಪಾಪ್‌ಕಾರ್ನ್ ಸದ್ದಿಗೂ ಜನ ತಿರುಗಿ ನೋಡುವ ಊರಿದು. ಅಂಥ ಕಡೆ ಅತ್ತೆ ಹುಬ್ಬಳ್ಳಿಯ ಗಂಟಲಿನಲ್ಲಿ ಕೂಗಿ, ಮಾವನ ಭುಜ ಹಿಡಿದು ಅಲ್ಲಾಡಿಸಿದರು. ಮುಂದಿನ ಸಾಲಿನ ಅಜ್ಜಿ ತಿರುಗಿ ‘ಪ್ಸ್ಟ್’ ಅಂದರು. ಮಾವ ಗಡಬಡಿಸಿ ಎದ್ದು ಕನ್ನಡಕ ಹುಡುಕಿದರು. ಅತ್ತೆಯೇ ಅದನ್ನು ಅವರ ಮೂಗಿನ ಮೇಲೆ ಕೂರಿಸಿದರು.

ಹಾಡು ಮುಗಿಯುವವರೆಗೂ ಇಬ್ಬರೂ ಕಣ್ಣು ಪಿಳುಕಿಸಲಿಲ್ಲ. ‘ನಾ ಹೇಳಿದ್ದಿಲ್ಲಾ?’ ಅಂತ ಮಾವ ಕೇಳಲೂ ಇಲ್ಲ. ನನಗೆ ಯಾಕೋ ಅಳುವೇ ಬಂತು.

ಮನೆಗೆ ಹೋಗುವ ಬಸ್ಸಿನಲ್ಲಿ ಅತ್ತೆಯೇ ಬಾಯಿ ಬಿಟ್ಟರು. ‘ಹಾಡ ಅದ, ಒಪ್ಪಿದೆ. ಆದ್ರ ಇಷ್ಟ ವರ್ಷ ನೀವ ಹಾಡಿದ ಧಾಟಿ ಪೂರಾ ತಪ್ಪ.’

‘ಏನ ತಪ್ಪ? ಹಾಡಿ ತೋರಸ್ಲೇನ?’ ಅಂದರು ಮಾವ, ಭಾರೀ ಉಮೇದಿನಲ್ಲಿ.

ನಾನು ಪಕ್ಕದ ಸೀಟಿನಲ್ಲಿದ್ದ ಗಂಡನನ್ನು ನೋಡಿದೆ. ಬಾಯಿ ತೆರೆದುಕೊಂಡು ನಿದ್ದೆ ಹೊಡೆಯುತ್ತಿದ್ದ.

ನಿಜ ಹೇಳಿ, ಗೆಲುವು ಕೈಯಲ್ಲೇ ಇದ್ದಾಗ ಅತ್ತೆಯ ಜಾಗದಲ್ಲಿ ನೀವಾಗಿದ್ದರೆ ಮಾವನನ್ನು ಎಬ್ಬಿಸುತ್ತಿದ್ದಿರಾ?